ಕೂಗಿದ ಅಳತೆ

ಅರ್ಧ ತೋಳಿನ ಅಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿ ಹಿಡಿದುಕೊಂಡು ಅವನು ಜಿಮ್ಮಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತಿದ್ದ. ಕಂಕುಳಿನಿಂದ ತೋಳಿನ ಅಂಚಿನವರೆಗೆ ಇಳಿದ ಹೊಲಿಗೆಯ ಪಕ್ಕದಲ್ಲಿ, ಬೆಂಕಿಕಡ್ಡಿಯಷ್ಟು ಅಂತರ ಬಿಟ್ಟು, ಸಣ್ಣ ತೂತುಗಳ ಇನ್ನೊಂದು ಸಾಲಿತ್ತು. ಹಳೆಯ ಹೊಲಿಗೆಯನ್ನು ಬಿಚ್ಚಿದಾಗ ಸೂಜಿ ಬಿಟ್ಟುಹೋದ ತೂತುಗಳು. ಹತ್ತಾರು ಸಲ ಒಗೆದರೆ ಮುಚ್ಚಿಕೊಳ್ಳುತ್ತವೆ, ಇವು ಇನ್ನೂ ಮುಚ್ಚಿಕೊಂಡಿರಲಿಲ್ಲ. ಇನ್ನೊಂದು ತೋಳನ್ನೂ ತಿರುಗಿಸಿ ನೋಡಿದ. ಅಲ್ಲೂ ಅದೇ. ಹೊಲಿಗೆ ಮುಗಿಯುವಲ್ಲಿ ಮಿಷನ್ನನ್ನು ಎರಡೆರಡು ಸಲ ಹಿಂದಕ್ಕೋಡಿಸಿ ದಾರವನ್ನು ಕಚ್ಚಿಸುವ ಅಭ್ಯಾಸ ಅವನಿಗೆ ಗೊತ್ತಿದ್ದ ಮಟ್ಟಿಗೆ ಒಬ್ಬಳದೇ, ಅವನ ಹೆಂಡತಿಯದು. ಅವನು ದರ್ಜಿ. ಮೀಸೆ ಚಿಗುರುವ ಮೊದಲೇ ಕತ್ತರಿ ಹಿಡಿದವನು, ಈಗ ಐವತ್ತು ದಾಟಿದೆ. ಯಾರೋ ಬಿಗಿ ಮಾಡಿದ ತೋಳನ್ನು ತೊಟ್ಟುಕೊಂಡು ವಾರಗಟ್ಟಲೆ ಓಡಾಡಿದರೂ ಗೊತ್ತಾಗಲಿಲ್ಲವಲ್ಲ ಎಂದು ಮುಖಕ್ಕೆ ರಕ್ತ ನುಗ್ಗಿತು. ಗೊತ್ತಾಗದೆ ಏನು, ಬಿಗಿಯಾದದ್ದು ಗೊತ್ತಾಗಿತ್ತು. ಅದಕ್ಕೆ ಅವನು, ರಟ್ಟೆ ಬೆಳೆಯುತ್ತಿದೆ ಎಂದು, ತನಗೆ ಬೇಕಾದ ಕಾರಣವನ್ನು ಹಚ್ಚಿಕೊಂಡಿದ್ದ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಬಟ್ಟೆ ರಟ್ಟೆಯನ್ನು ಒತ್ತುವುದು ಹಿತವಾಗಿ, ಕೂರಲು ಜಾಗ ಸಿಕ್ಕರೂ ಕೂರದೆ ನಿಂತೇ ಬಂದಿದ್ದ. ಅದು ನೆನಪಾಗಿ, ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ, ಅವನು ಬೆನ್ನು ತಿರುಗಿಸಿ ಅಂಗಿ ಹಾಕಿಕೊಂಡ.

ತೋಳನ್ನು ತಿರುಗಿಸಿ ನೋಡುವ ಬುದ್ಧಿ ಬಂದದ್ದಾದರೂ ತರಬೇತಿ ಕೊಡುವ ಹುಡುಗಿಯ ಒಂದೇ ಮಾತಿನಿಂದ. ಅವಳಿಗೆ ಅವನ ಮಗಳಾಗುವಷ್ಟು ವಯಸ್ಸು. ಸೇರಿದ ದಿನ ಅವಳು ಏನು ಗುರಿ ಎಂದು ಕೇಳಿದ್ದಳು, ಅವನು ರಟ್ಟೆ ಅಂದಿದ್ದ, ಹದಿನಾಲ್ಕು ಇಂಚು. ಅವಳು ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು. ಈ ವಯಸ್ಸಿನಲ್ಲೂ ಸ್ನಾಯು ಬೆಳೆಯುತ್ತದೆ, ಆದರೆ ಅವಸರ ಮಾಡಿದರೆ ಬೆಳೆಯುವುದಿಲ್ಲ, ಮೊದಲು ಕಾಲು ಸೊಂಟ ಗಟ್ಟಿಯಾಗಲಿ, ಮೊಟ್ಟೆ ಕಾಳು ತಿನ್ನಿ, ಕಣ್ತುಂಬ ನಿದ್ದೆ ಮಾಡಿ, ಮೂರು ನಾಲ್ಕು ತಿಂಗಳಿಗೆ ರಟ್ಟೆಗೆ ಕಾಲಿಂಚು ಕೂಡಿದರೂ ಅದು ದೊಡ್ಡ ವಿಷಯ ಎಂದು ಸಮಾಧಾನವಾಗಿ ಹೇಳಿದ್ದಳು. ಕಾಲಿಂಚು ಅಂದರೆ ಎಷ್ಟು ಎಂದು ದರ್ಜಿಗೆ ಹೇಳಿಕೊಡುತ್ತಾಳಲ್ಲ ಎಂದು ಅವನಿಗೆ ಒಳಗೊಳಗೇ ನಗು. ಇವತ್ತು ಬೆಳಿಗ್ಗೆ ಡಂಬೆಲ್ ಕೆಳಗಿಟ್ಟು, ಉಸಿರು ಹದಕ್ಕೆ ಬರುವ ಮೊದಲೇ, ತಡೆಯಲಾರದೆ ಹೇಳಿಬಿಟ್ಟ: ಹನ್ನೊಂದೂವರೆ ಇದ್ದದ್ದು ಹದಿಮೂರಾಗಿದೆ. ಹುಡುಗಿ ಅವನ ರಟ್ಟೆಯನ್ನೊಮ್ಮೆ ನೋಡಿದಳು, ಮುಖವನ್ನೊಮ್ಮೆ ನೋಡಿದಳು. "ಅಳತೆ ಯಾರು ತೆಗೆದಿದ್ದು ಅಂಕಲ್?" ಅಂದಳು. ನನ್ನ ಹೆಂಡತಿ, ಅವಳ ಟೇಪು ಇವತ್ತಿನವರೆಗೂ ತಪ್ಪಿಲ್ಲ ಎಂದು ಅವನು ಕತ್ತು ನೆಟ್ಟಗೆ ಮಾಡಿಕೊಂಡು ಹೇಳಿದ. ಅವಳು ತಲೆಯಾಡಿಸಿ, ಅವನ ಕೈಗೆ ಮೊದಲಿನದಕ್ಕಿಂತ ಹಗುರವಾದ ಡಂಬೆಲ್ ಕೊಟ್ಟಳು. ಜಿಮ್ಮಿನ ಟೇಪು ತಂದು ಅಲ್ಲೇ ಅಳೆಯಬಹುದಿತ್ತು, ತರಲಿಲ್ಲ. ಆ ಮರ್ಯಾದೆಯೇ ಅವನನ್ನು ಚುಚ್ಚಿತು.

ಜಿಮ್ಮಿನಿಂದ ಅಂಗಡಿಗೆ ಎರಡು ರಸ್ತೆ ದಾಟಬೇಕು. ಅವನು ದಿನಾ ನಡೆಯುವ ಬದಿ ಬಿಟ್ಟು ಎದುರು ಬದಿಯಲ್ಲಿ ನಡೆದ, ದಿನಾ ರಟ್ಟೆ ನೋಡಿಕೊಳ್ಳುತ್ತಿದ್ದ ಚಪ್ಪಲಿ ಅಂಗಡಿಯ ಕನ್ನಡಿ ಆ ಬದಿಯಲ್ಲಿ ಇರಲಿಲ್ಲ. ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳುವ ದರ್ಜಿ ಇಲ್ಲ. ಒಂದೇ ಕೈಯಲ್ಲಿ ಸುತ್ತಿದರೆ ಟೇಪು ಜಾರುತ್ತದೆ, ನೋಡಲು ಕತ್ತು ತಿರುಗಿಸಿದರೆ ಭುಜ ಏಳುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು ತನಗೆ ಬೇಕಾದ ಅಂಕಿಯ ಕಡೆಗೇ ಟೇಪನ್ನು ಎಳೆಯುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ ಹೆಂಡತಿಯೇ ಅಳೆಯುವುದು. ಅವನು ಬನಿಯನ್ನಿನಲ್ಲಿ ಗೋಡೆ ನೋಡುತ್ತ ನಿಲ್ಲುತ್ತಿದ್ದ, ಅವಳು ಹಿಂದಿನಿಂದ ಬಂದು ಟೇಪು ಸುತ್ತುತ್ತಿದ್ದಳು, ಸ್ವಲ್ಪ ಹೊತ್ತು ಹಿಡಿದಿರುತ್ತಿದ್ದಳು, ಆಮೇಲೆ ಕೂಗುತ್ತಿದ್ದಳು. ಹನ್ನೆರಡು. ಹನ್ನೆರಡೂವರೆ. ಹೋದ ವಾರ ಹದಿಮೂರು. ಹದಿಮೂರು ಎಂದಾಗ ಅವನಿಗೆ ಬೇರೇನೂ ಅಲ್ಲ, ಸ್ನಾನದ ಮನೆ ನೆನಪಾಗಿತ್ತು. ಕೆಲವು ತಿಂಗಳ ಹಿಂದೆ, ಜ್ವರ ಬಿಟ್ಟ ಮರುದಿನ ಸ್ನಾನಕ್ಕೆ ಹೋದವನು ಮಂಡಿ ಕುಸಿದು ಕೂತುಬಿಟ್ಟಿದ್ದ. ಎದ್ದೇಳಲು ಹೋದರೆ ಕಾಲು ತನ್ನದಲ್ಲ, ಒದ್ದೆ ನೆಲ, ನಲ್ಲಿ ಹರಿಯುತ್ತಲೇ ಇತ್ತು. ಕರೆಯಬಾರದು, ಕರೆಯಬಾರದು ಎಂದುಕೊಳ್ಳುತ್ತಲೇ ಕರೆದಿದ್ದ. ಅವಳು ಬಂದು, ಏನಾಯಿತು ಎಂದೂ ಕೇಳದೆ, ಹಿಂದಿನಿಂದ ಎರಡು ಕಂಕುಳಿಗೂ ಕೈ ಕೊಟ್ಟು, ಬಟ್ಟೆಯ ಥಾನನ್ನು ಎತ್ತಿ ನಿಲ್ಲಿಸಿದ ಹಾಗೆ ಎತ್ತಿ ನಿಲ್ಲಿಸಿಬಿಟ್ಟಳು. ಎಷ್ಟು ಸಲೀಸಾಗಿ! ಒಂದು ಉಸಿರು ಹೆಚ್ಚಾಗಲಿಲ್ಲ ಅವಳಿಗೆ. ಅವನನ್ನು ಗೋಡೆಗೆ ಒರಗಿಸಿ, ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಟವೆಲ್ಲು ಕೊಟ್ಟು ಹೋದಳು. ಬಿದ್ದದ್ದಕ್ಕೆ ಅವನಿಗೆ ಅಷ್ಟು ನೋವಾಗಿರಲಿಲ್ಲ. ತಾನು ಅಷ್ಟು ಹಗುರವೇ ಎಂಬುದು ಅವತ್ತಿನಿಂದ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಗೊರಕೆಯ ನೆಪ ಹೇಳಿ ಹೊರಗಿನ ಕೋಣೆಯಲ್ಲಿ ಮಲಗತೊಡಗಿದ. ದೀಪ ಆರಿಸದೆ ಬಟ್ಟೆ ಬದಲಿಸುವುದನ್ನು ಬಿಟ್ಟ. ಅವಳು ಪಾತ್ರೆ ಕೊಡುವಾಗ ಬೆರಳು ತಾಗದ ಹಾಗೆ ಅಂಚು ಹಿಡಿಯುವುದನ್ನು ಕಲಿತ. ರಟ್ಟೆ ಹದಿನಾಲ್ಕು ಆಗಲಿ, ಆಮೇಲೆ ಎಲ್ಲ ಮೊದಲಿನ ಹಾಗೆ ಎಂದು ತನಗೆ ತಾನೇ ವಾಯಿದೆ ಹಾಕಿಕೊಂಡಿದ್ದ.

ಅಂಗಡಿಯಲ್ಲಿ ಅವಳು ಕಿಟಕಿಯ ಪಕ್ಕದ ಮಿಷನ್ನಿನ ಮುಂದೆ ಕೂತು, ಮೈಮೇಲೆ ಕೆಲಸದ ನಿಲುವಂಗಿ ತೊಟ್ಟು, ಯಾರದೋ ಪ್ಯಾಂಟಿನ ಪಟ್ಟಿ ಹೊಲಿಯುತ್ತಿದ್ದಳು. ತಲೆ ಎತ್ತದೆಯೇ, ಬೆಳಿಗ್ಗೆ ಏನಾದರೂ ತಿಂದಿರಾ ಎಂದು ಕೇಳಿದಳು. ಅವನು ಹೂಂ ಅಂದ, ತಿಂದಿರಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಬೂದು ಬಣ್ಣದ ಬಟ್ಟೆ ಹಾಸಿ ಗೆರೆ ಎಳೆಯಲು ನಿಂತ. ಗೆರೆ ಸೊಟ್ಟಗಾಯಿತು, ಒರೆಸಿದ, ಮತ್ತೆ ಎಳೆದ, ಮತ್ತೆ ಸೊಟ್ಟ. ಮಿಷನ್ನು ಓಡುವುದೂ ನಿಲ್ಲುವುದೂ ಕೇಳುತ್ತಿತ್ತು. ಪ್ರತಿ ಹೊಲಿಗೆಯ ಕೊನೆಯಲ್ಲೂ ಆ ಎರಡು ಹಿನ್ನಡೆ, ಟಕ್ ಟಕ್, ಟಕ್ ಟಕ್. ಇಷ್ಟು ವರ್ಷ ಕೇಳಿಸದಿದ್ದ ಸದ್ದು ಇವತ್ತು ಕಿವಿಯೊಳಗೇ ಹೊಲಿಯುತ್ತಿದ್ದ ಹಾಗಿತ್ತು. ಯಾವಾಗ ಬಿಚ್ಚಿದಳು? ಅವನು ಜಿಮ್ಮಿಗೆ ಹೋದಾಗ ಇಲ್ಲೇ, ಇದೇ ಕಿಟಕಿಯ ಬೆಳಕಿನಲ್ಲಿ, ಅವನ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ದಾರ ಕಿತ್ತಿರಬೇಕು. ಕೀಳುವಾಗ ಮನಸ್ಸಿನಲ್ಲೇ ನಕ್ಕಿರಬೇಕು. ನಗದಿದ್ದರೆ ಅಯ್ಯೋ ಪಾಪ ಅಂದಿರಬೇಕು. ನಗುವೇ ವಾಸಿ ಅನಿಸಿತು. ಕೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಕತ್ತರಿ ಎಲ್ಲಿ, ಸೀಮೆಸುಣ್ಣದ ಬಿಲ್ಲೆ ಎಲ್ಲಿ ಎಂದು ಕೇಳಿದ. ಎರಡೂ ಅವನ ಕಣ್ಣ ಮುಂದೆಯೇ ಇದ್ದವು.

ಅಷ್ಟರಲ್ಲಿ ಬ್ಯಾಂಡ್ ಮೇಷ್ಟ್ರು ಬಂದರು. ಶಾಲೆಯ ಮಕ್ಕಳಿಗೆ ವಾದ್ಯ ಕಲಿಸುವವರು, ಹಳೆಯ ಗಿರಾಕಿ, ತುಂಬಿದ ಮೈ, ಮಾತಿಗೊಂದು ನಗು. ಕಾರ್ಯಕ್ರಮಕ್ಕೆ ಹೊಸ ಪ್ಯಾಂಟು ಬೇಕಾಗಿತ್ತು. ಜೊತೆಗೆ ಅವರ ಹೊಸ ಅಳಿಯ, ಇಸ್ತ್ರಿಯ ಗೆರೆ ಇನ್ನೂ ಮುರಿಯದ ಅಂಗಿ ತೊಟ್ಟವನು, ಮಾವನವರು ಕೂರು ಎಂದ ಮೇಲೆ ಕೂತ. ಈ ಅಂಗಡಿಯಲ್ಲಿ ಅಳತೆ ಕೂಗುವುದಕ್ಕೆ ಒಂದು ಪದ್ಧತಿ ಇತ್ತು. ನಲವತ್ತು ದಾಟಿದ ಸೊಂಟವನ್ನು ಅವನು ಎರಡು ಇಂಚು ಇಳಿಸಿ ಕೂಗುತ್ತಿದ್ದ, ಸೊರಗಿದ ಎದೆಯನ್ನು ಒಂದು ಇಂಚು ಏರಿಸಿ. ಅವಳು ಮಿಷನ್ನಿನಲ್ಲಿ ಕೂತೇ ಕೇಳಿಸಿಕೊಂಡು, ಗಿರಾಕಿಯ ಮೈಕಟ್ಟು ನೋಡಿ, ನಿಜವಾದದ್ದನ್ನು ಗುರುತಿಟ್ಟುಕೊಳ್ಳುತ್ತಿದ್ದಳು. ಬಟ್ಟೆ ಸರಿಯಾಗಿ ಕೂರುತ್ತಿತ್ತು, ಮನುಷ್ಯನೂ ಖುಷಿಯಾಗಿ ಹೋಗುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವಳಿಗೆ ಇದನ್ನು ಕಲಿಸಿದವನು ಅವನೇ. ಬಂದವರ ಮಾನ ಕಾಪಾಡುವುದೂ ನಮ್ಮ ಕೆಲಸವೇ ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿದ್ದ. ಅವಳು ಆವಾಗ, ಇದು ಸುಳ್ಳಲ್ಲವಾ ಎಂದು ಕಣ್ಣರಳಿಸಿ ಕೇಳಿದ್ದಳು. ಈಗ ಮೇಷ್ಟ್ರು ಅಳಿಯನ ಕಡೆಗೊಮ್ಮೆ ನೋಡಿ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ನಿಂತರು. ಟೇಪು ಸುತ್ತಿ ಹಿಡಿದವನಿಗೆ ಒಮ್ಮೆಗೇ ಹೊಳೆಯಿತು. ಹದಿಮೂರು. ಅದು ಅಂಗಡಿಯ ಅಳತೆ. ಸೊರಗಿದವನಿಗೆ ಏರಿಸಿ ಕೂಗುವ ಅಳತೆ. ಅವಳು ಅವನನ್ನು ಗಿರಾಕಿಯ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದಳು. ಮೈಯೆಲ್ಲ ಉರಿದು, ಅವನು ಅಂಗಡಿಗೆಲ್ಲ ಕೇಳುವ ಹಾಗೆ, "ನಲವತ್ತಾರು" ಎಂದು ಕೂಗಿದ. ಮಿಷನ್ನು ನಿಂತಿತು. ಅಳಿಯ ಬಾಗಿಲ ಕಡೆ ನೋಡಿದ. ಮೇಷ್ಟ್ರು ಹಿಡಿದಿದ್ದ ಉಸಿರನ್ನು ಬಿಟ್ಟು, "ನಲವತ್ತನಾಲ್ಕಲ್ವಾ? ಹೋದ ಸಲ ನಲವತ್ತನಾಲ್ಕು ಅಂದಿದ್ರಿ" ಎಂದು ಮೆಲ್ಲಗೆ ಕೇಳಿದರು. ಹೋದ ಸಲವೂ ನಲವತ್ತಾರೇ ಎಂದು ಅವನು ಹೇಳಿದ. ಅವರ ನಗು ಮುಖದ ಮೇಲೆ ಎಲ್ಲಿ ಇಳಿಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಬಟ್ಟೆಯ ಬಣ್ಣವನ್ನು ಮನೆಯಲ್ಲೊಮ್ಮೆ ಕೇಳಿಕೊಂಡು ನಾಳೆ ಬರುತ್ತೇನೆ ಎಂದು, ಅಳಿಯನನ್ನು ಮುಂದೆ ಬಿಟ್ಟುಕೊಂಡು ಹೊರಟರು. ಗಾಜಿನ ಬಾಗಿಲಿನಾಚೆ ಅವರು ಕೋಟಿನ ಗುಂಡಿ ಹಾಕಿಕೊಳ್ಳಲು ಹೋಗಿ, ಹಾಕದೆ, ಕೈ ಬಿಟ್ಟದ್ದು ಕಾಣಿಸಿತು. ಅವನಿಗೆ ಆಗಲೇ ಓಡಿಹೋಗಿ ಕರೆದು ಕೂರಿಸಬೇಕೆನಿಸಿತು. ಹೋಗಲಿಲ್ಲ, ಟೇಪನ್ನು ಕೊರಳಿಗೆ ಹಾಕಿಕೊಂಡ.

ಅವಳು ಎದ್ದು ಬಂದು ಮೇಜಿನ ಆಚೆ ನಿಂತಳು. "ಯಾಕ್ರೀ ಹಾಗೆ ಕೂಗಿದ್ರಿ? ಅಳಿಯನ ಮುಂದೆ. ಅವರ ಮುಖ ನೋಡೋಕಾಗ್ಲಿಲ್ಲ ನಂಗೆ."

"ಇದ್ದಿದ್ದನ್ನ ಕೂಗಿದೆ. ಈ ಅಂಗಡೀಲಿ ಒಬ್ಬರಾದ್ರೂ ಇದ್ದಿದ್ದನ್ನ ಹೇಳ್ಬೇಕಲ್ಲ" ಎಂದು ಅವನು ಅಂಗಿಯ ಗುಂಡಿ ಬಿಚ್ಚತೊಡಗಿದ. ಬಿಚ್ಚಿ, ತೋಳನ್ನು ಒಳಮಗ್ಗುಲಾಗಿ ತಿರುಗಿಸಿ, ಬೂದು ಬಟ್ಟೆಯ ಮೇಲೆ ಎಸೆದ. ಪರದೆ ಎಳೆದಿರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರಿಗೆ ದರ್ಜಿ ಅಂಗಡಿಯಲ್ಲಿ ದರ್ಜಿಯೇ ಬನಿಯನ್ನಿನಲ್ಲಿ ನಿಂತಿದ್ದು ಕಾಣುತ್ತಿತ್ತು, ಒಬ್ಬಾಕೆ ನಿಂತು ನೋಡಿಯೂ ಹೋದಳು. ಹೆಂಡತಿ ಅಂಗಿಯನ್ನು ಮುಟ್ಟಲಿಲ್ಲ. ತೂತುಗಳ ಸಾಲನ್ನು ನೋಡಿದಳು, ಬೇರೆ ಯಾರದೋ ಕೆಲಸದಲ್ಲಿ ತಪ್ಪು ಹುಡುಕುವ ಹಾಗೆ ಸ್ವಲ್ಪ ಬಗ್ಗಿ. ತಾನೇನೂ ಮಾಡಿಲ್ಲ ಎನ್ನಬಹುದು, ಇಲ್ಲ ಅಳಬಹುದು ಎಂದು ಅವನು ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ.

"ನಾನೂ ಗಿರಾಕಿನಾ ನಿಂಗೆ?" ಅಂದ. ದನಿ ಜೋರಾಗಿ ಬರಬೇಕಾಗಿತ್ತು, ಬರಲಿಲ್ಲ. ಕೊರಳಿನ ಟೇಪನ್ನು ತೆಗೆದು ಅವಳ ಕೈಗೆ ಕೊಟ್ಟು ತೋಳು ಚಾಚಿದ. "ತೆಗಿ. ಸರಿಯಾಗಿ ಕೂಗು."

ಅವಳು ಮೇಜು ಸುತ್ತಿ ಬಂದು ಟೇಪು ಸುತ್ತಿದಳು. ಗೋಡೆ ನೋಡುವ ಅಭ್ಯಾಸ ಬಿಟ್ಟು ಅವನು ಈ ಸಲ ಅವಳ ಬೆರಳುಗಳನ್ನೇ ನೋಡಿದ. ಅವು ಟೇಪನ್ನು ಎಳೆಯಲಿಲ್ಲ, ಸಡಿಲವೂ ಬಿಡಲಿಲ್ಲ. ರಟ್ಟೆ ಉಬ್ಬಿಸಬೇಕೆಂದು ಮೈ ತಾನಾಗಿಯೇ ತಯಾರಾಯಿತು, ಅದನ್ನು ತಡೆದು ಕೈಯನ್ನು ಸುಮ್ಮನೆ ಬಿಡುವುದೇ ಡಂಬೆಲ್ಲಿಗಿಂತ ಕಷ್ಟವಾಯಿತು. "ಹನ್ನೊಂದೂ ಮುಕ್ಕಾಲು" ಅಂದಳು. ಅವಳು ಹಿಂದೆ ಸರಿಯಲಿಲ್ಲ, ಟೇಪನ್ನೂ ಬಿಡಲಿಲ್ಲ. ಅಂದರೆ ಕಾಲಿಂಚು. ಬೆಳಿಗ್ಗೆ ಅಲಾರಂ ಇಟ್ಟು ಎದ್ದದ್ದು, ಮೆಟ್ಟಿಲು ಇಳಿಯಲಾಗದಷ್ಟು ಕಾಲು ನೋಯಿಸಿಕೊಂಡದ್ದು, ವಯಸ್ಸಿನ ಹುಡುಗರ ನಡುವೆ ಅಂಕಲ್ ಎಂದು ಕರೆಸಿಕೊಂಡದ್ದು, ಎಲ್ಲ ಸೇರಿ ಕಾಲಿಂಚು. ಜಿಮ್ಮಿನ ಹುಡುಗಿ ಹೇಳಿದಷ್ಟೇ ಕಾಲಿಂಚು. ಹದಿಮೂರರ ಆಸೆ ಇಲ್ಲದಿದ್ದರೆ ಇದು ಸಂತೋಷದ ಸುದ್ದಿಯಾಗಿರುತ್ತಿತ್ತು ಎಂಬುದು ಅವನಿಗೆ ಗೊತ್ತಾಯಿತು. 

"ಇದು ನಿಜವಾಗ್ಲೂ ಬೆಳೆದಿದ್ದು" ಎಂದು ಅವಳು ಹೇಳಿದಳು. "ಹೋದ ತಿಂಗಳೇ ಬಂದಿತ್ತು. ಹೇಳೋಣ ಅಂದ್ರೆ ಅಷ್ಟೊತ್ತಿಗೆ ನಾನು ಹನ್ನೆರಡೂವರೆ ಕೂಗಿಬಿಟ್ಟಿದ್ದೆ. ನಾನೇ ಸಿಕ್ಕಿಹಾಕ್ಕೊಂಡೆ."

ಯಾಕೆ ಕೂಗಿದೆ ಎಂದು ಅವನು ಕೇಳಬೇಕಾಗಲೇ ಇಲ್ಲ. ಅವಳು ಟೇಪಿನ ಮೇಲೆ ಕಣ್ಣಿಟ್ಟು ತಾನಾಗಿಯೇ ಹೇಳುತ್ತ ಹೋದಳು. ಮೊದಲ ಸಲ ಇದ್ದಷ್ಟೇ ಇದೆ ಅಂದಿದ್ದಳು. ಮುಂದಿನ ಭಾನುವಾರ ಅವನು ಟೇಪಿನ ಹತ್ತಿರವೇ ಸುಳಿಯಲಿಲ್ಲ, ಬೆಳಿಗ್ಗೆಯೇ ಯಾವುದೋ ನೆಪ ತೆಗೆದು ಹೊರಗೆ ಹೋದ. ಅದರ ಮುಂದಿನ ಭಾನುವಾರ ಅವಳೇ ಕರೆದು ನಿಲ್ಲಿಸಿ, ಅರ್ಧ ಇಂಚು ಏರಿಸಿ ಕೂಗಿದಳು. ಆಮೇಲೆ ಒಂದು ವಾರವೂ ಅವನು ತಪ್ಪಿಸಲಿಲ್ಲ. "ನಿಮ್ಮನ್ನ ಆ ದಿನ ಎತ್ತಿದಾಗಿಂದ ನೀವು ನನ್ನ ಹತ್ರ ನಿಲ್ಲೋದು ಟೇಪು ಸುತ್ತೋವಾಗ ಮಾತ್ರ. ಅದೂ ತಪ್ಪಿಹೋದ್ರೆ ಏನ್ ಮಾಡ್ಲಿ ನಾನು?" ಅಂದಳು. "ಎಷ್ಟಿಂಚಾದ್ರೆ ಸಾಕು ಅಂತಾನಾದ್ರೂ ಹೇಳಿ."

ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಯಾವಾಗಲೂ ಆಗುವ ಹಾಗೆ, ಜಗಳವೇ ಬಾಯಿಗೆ ಬಂತು. ತಿಂಗಳುಗಟ್ಟಲೆ ಒಳಗೆ ಉರುಳಾಡಿದ ಮಾತು, ತಾನೆಂದೂ ಹೊರಗೆ ಆಡುವುದಿಲ್ಲ ಎಂದುಕೊಂಡಿದ್ದ ಮಾತು, ಹೊರಬಿದ್ದೇಬಿಟ್ಟಿತು. "ನೀನು ಎಷ್ಟು ಸಲೀಸಾಗಿ ಎತ್ತಿಬಿಟ್ಟೆ ನನ್ನ. ಏನೋ ಕಸ ಎತ್ತಿದ ಹಾಗೆ. ಆಮೇಲೆ ಕೈ ಒರೆಸ್ಕೊಂಡು ಹೋದೆ."

"ಸಲೀಸಾಗಿ" ಎಂದು ಅವಳು ಅವನ ಮಾತನ್ನೇ ಒಮ್ಮೆ ಹೇಳಿದಳು, ಯಾವುದೋ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ ಹಾಗೆ. ಟೇಪು ಬಿಟ್ಟು ಮಿಷನ್ನಿನ ಕಡೆ ತಿರುಗಿದಳು. ಹೋಗಲು ಬಿಡಬಾರದು ಅನಿಸಿ ಅವನು ಕೈ ಚಾಚಿ ಅವಳ ಎಡ ಭುಜ ಹಿಡಿದ. ಹಿಡಿದದ್ದು ಭುಜವಾಗಿರಲಿಲ್ಲ. ನಿಲುವಂಗಿಯ ಕೆಳಗೆ ಎರಡು ಪದರ ಕ್ಯಾನ್‌ವಾಸ್, ನಡುವೆ ತೆಳುವಾಗಿ ಹರಡಿದ ಹತ್ತಿ, ಅಂಚು ಮೇಲೆದ್ದು ಕಾಣದ ಹಾಗೆ ಓರೆ ಮಾಡಿ ಹಾಕಿದ ಸಣ್ಣ ಕೈಹೊಲಿಗೆ. ಒಂದು ಕಡೆ ಭುಜ ಇಳಿದವರ ಕೋಟಿಗೆ, ಇಳಿದದ್ದು ಗೊತ್ತಾಗದಿರಲಿ ಎಂದು ಒಳಗೆ ಇಡುವ ಪ್ಯಾಡ್. ಬಲಗಡೆ ಮುಟ್ಟಿ ನೋಡಿದ, ಅಲ್ಲಿ ಏನೂ ಇರಲಿಲ್ಲ, ಬಟ್ಟೆಯ ಕೆಳಗೆ ನೇರವಾಗಿ ಮೂಳೆ. ಎಡಗಡೆ ಪ್ಯಾಡನ್ನು ಒತ್ತಿದಾಗ ನಿಜವಾದ ಭುಜ ಎಷ್ಟೋ ಕೆಳಗೆ ಸಿಕ್ಕಿತು. ಬಾಗಿಲಲ್ಲಿ ಬರುವ ಗಿರಾಕಿಯ ಯಾವ ಭುಜ ಎಷ್ಟು ತಗ್ಗು ಎಂದು ಕೂತಲ್ಲೇ ಹೇಳುವವನು ಅವನು. ಇವಳು ದಿನವಿಡೀ ಅವನ ಕಣ್ಣೆದುರಿಗೇ ಇದ್ದಳು.

ಇದೇನು ಎಂದು ಕೇಳಿದ. ಸ್ನಾನದ ಮನೆಯಲ್ಲಿ ಅವನನ್ನು ಎತ್ತಿದ ದಿನ ಭುಜದೊಳಗೆ ಏನೋ ಕಿತ್ತುಹೋದ ಹಾಗಾಯಿತಂತೆ. ಅವನಿಗೆ ಕಾಣದ ಹಾಗೆ ಅಡುಗೆಮನೆಗೆ ಹೋಗಿ, ಬಾಯಿಗೆ ಬಟ್ಟೆ ಕಚ್ಚಿಕೊಂಡು ಕೂತಿದ್ದಳಂತೆ. ಡಾಕ್ಟರು ಭಾರ ಎತ್ತಬೇಡಿ ಅಂದಿದ್ದಾರಂತೆ, ಇನ್ನು ಅದು ಪೂರ್ತಿ ಮೇಲೇಳುವುದು ಅನುಮಾನವಂತೆ. "ಗೊತ್ತಾದ್ರೆ ನೀವು ಇನ್ನೂ ದೂರ ಹೋಗ್ತೀರಿ ಅನ್ನಿಸ್ತು" ಎಂದು ಅವಳು ಗೋಡೆ ನೋಡುತ್ತ ಹೇಳಿದಳು.

ಅವನ ಕೈ ಅವಳ ಎಡ ಭುಜದ ಮೇಲೇ ಇತ್ತು.  ತಾನು ಹಗುರವಾಗಿರಲಿಲ್ಲ ಎಂಬುದೇ ಮೊದಲು ಹೊಳೆದು, ಅದಕ್ಕೊಂದು ಕ್ಷಣ ಸಂತೋಷವಾಗಿ, ಆ ಸಂತೋಷಕ್ಕೆ ತನ್ನ ಮೇಲೇ ಅಸಹ್ಯವಾಯಿತು.  ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಯಾರೋ ಗಾಜಿನ ಮೇಲೆ ಬೆರಳು ಬಡಿದು ಅಂಗಡಿ ತೆರೆದಿದೆಯಾ ಎಂದು ಸನ್ನೆ ಮಾಡಿದರು. ಅವನು ನೋಡಿಯೂ ಕೈ ತೆಗೆಯಲಿಲ್ಲ.

"ಭಾರ ಆಗ್ತಿದೆಯಾ?" ಎಂದು ಕೇಳಿದ.

"ಆಗ್ತಿದೆ" ಅಂದಳು. "ಇರ್ಲಿ."